ಕ್ಷಿಪಣಿ ರಕ್ಷಣೆಯ ಸುದ್ದಿ ಓದೋಕೆ ಒಂದು ಗ್ಲೋಬು, ಒಂದು ಮೊಳ ದಾರ

ವಿಜಯಪುರದಲ್ಲಿ ಕೆಎಎಸ್ ಬರೆಯುವವರಿಗೆ ಪ್ರಚಲಿತ ವಿದ್ಯಮಾನ ಹೇಳಿಕೊಡುತ್ತೇನೆ. "ಸರ್, ಥಾಡ್, ಪೇಟ್ರಿಯಟ್, ಏಜಿಸ್ ಎಲ್ಲ ಕಲಸಿಹೋಗುತ್ತೆ" ಅಂತ ಪ್ರತಿ ಬ್ಯಾಚಿನಲ್ಲೂ ಒಂದೇ ಗೋಳು. ಮೂರೂ ಶತ್ರುವಿನ ಕ್ಷಿಪಣಿಯನ್ನು ದಾರಿಯಲ್ಲೇ ಹೊಡೆದುರುಳಿಸುವ ವ್ಯವಸ್ಥೆಗಳು. ಸುಮ್ನೆ ಬಾಯಿಪಾಠ ಮಾಡಬೇಡಿ. ಒಂದು ಗ್ಲೋಬು, ಹೂ ಕಟ್ಟುವ ದಾರ ತಗೊಳ್ಳಿ. ಸುತಳಿ ಬೇಡ, ದಪ್ಪ. ಗೋಡೆಯ ನಕ್ಷೆಯಂತೂ ಬೇಡವೇ ಬೇಡ.

ನಕ್ಷೆ ನನ್ನ ಮರ್ಯಾದೆ ತೆಗೆದಿದೆ. ಉತ್ತರ ಕೊರಿಯಾದಿಂದ ಷಿಕಾಗೋಗೆ ಪೆಸಿಫಿಕ್ ಮೇಲೆ ನೆಟ್ಟಗೆ ಗೆರೆ ಎಳೆದಿದ್ದೆ. "ಹಾಗಾದ್ರೆ ತಡೆಯೋ ಕ್ಷಿಪಣಿ ಅಲಾಸ್ಕಾದಲ್ಲಿ ಯಾಕಿಟ್ಟಿದ್ದಾರೆ ಸರ್?" ಅಂದಳು ಹಿಂದಿನ ಬೆಂಚಿನ ಹುಡುಗಿ. ಬಾಯಿ ಕಟ್ಟಿತು. ರಾತ್ರಿ ಮಗಳ ಗ್ಲೋಬಿನ ಮೇಲೆ ದಾರ ಬಿಗಿಯಾಗಿ ಹಿಡಿದೆ. ಅದು ತಾನಾಗಿಯೇ ಉತ್ತರಕ್ಕೆ ಜಾರಿ ಅಲಾಸ್ಕಾದ ನೆತ್ತಿ ಮೇಲೆ ಕೂತಿತು! ಬಿಗಿದ ದಾರ ತೋರಿಸೋದು ಅತಿ ಹತ್ತಿರದ ದಾರಿ, ಕ್ಷಿಪಣಿ ಬರೋದೂ ಹೆಚ್ಚುಕಮ್ಮಿ ಅದರಲ್ಲೇ. ಅಮೆರಿಕದ ನೆಲದಲ್ಲಿರುವ 44 ದೂರಗಾಮಿ ತಡೆ ಕ್ಷಿಪಣಿಗಳಲ್ಲಿ 40 ಇರುವುದು ಅಲ್ಲಿನ ಫೋರ್ಟ್ ಗ್ರೀಲಿಯಲ್ಲೇ.

ಈಗ ಉತ್ತರ ಕೊರಿಯಾದ ಪ್ಯೋಂಗ್ಯಾಂಗ್‌ನಿಂದ ದಕ್ಷಿಣ ಕೊರಿಯಾದ ಸೋಲ್‌ಗೆ ದಾರ ಹಿಡಿಯಿರಿ. ಸುಮಾರು 195 ಕಿ.ಮೀ. ಇಲ್ಲಿಂದ ಬೆಳಗಾವಿಗೆ ಬಸ್ಸಲ್ಲಿ ಹೋದಷ್ಟು. ಬಸ್ಸಿಗೆ ಅರ್ಧ ದಿನ, ಕ್ಷಿಪಣಿಗೆ ಕೆಲವೇ ನಿಮಿಷ. 2017ರಲ್ಲಿ ಬಂದ ಥಾಡ್ ಇರುವುದು ದೂರದ ದಕ್ಷಿಣದ ಸೊಂಗ್ಜುನಲ್ಲಿ. ಹಾಗಾಗಿ ಸೋಲ್‌ನ ಕಾವಲು ಹೆಚ್ಚಾಗಿ ಪೇಟ್ರಿಯಟ್‌ನಂಥವುಗಳ ಮೇಲೆ. ಟೋಕಿಯೋಗೆ ಎಳೆದರೆ ದಾರ ಸಮುದ್ರ ದಾಟುತ್ತದೆ. ಏಜಿಸ್ ಹಡಗು ನಿಲ್ಲೋದು ಅಲ್ಲೇ. ಅದರ ಎಸ್‌ಎಂ-3 ಅನ್ನೋ ತಡೆ ಕ್ಷಿಪಣಿ ವಾತಾವರಣದ ಆಚೆಗೇ ಹೋಗಿ, ಬರುವ ಕ್ಷಿಪಣಿಗೆ ಡಿಕ್ಕಿ ಹೊಡೆಯುತ್ತದೆ.

ಆಮೇಲೆ ಮೂರು ಪ್ರಶ್ನೆ. ನೋಡುವವರು ಯಾರು, ಯಾರಿಗೆ ಹೇಳುತ್ತಾರೆ, ಗುಂಡಿ ಒತ್ತುವವರು ಯಾರು? ನಮ್ಮ ಉಪ್ಲಿ ಬುರುಜು ಹತ್ತಿದವನಿಗೆ ದೂರದ ಧೂಳು ಮೊದಲು ಕಾಣುತ್ತದೆ, ಸರಿ. ಕೋಟೆ ಬಾಗಿಲಲ್ಲಿ ನಿಂತವನಿಗೆ ಅವನ ಕೂಗು ಕೇಳದಿದ್ದರೆ? ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ 2023ರ ಡಿಸೆಂಬರ್‌ನಿಂದ ಎಚ್ಚರಿಕೆಯ ಮಾಹಿತಿಯನ್ನು ಆಗಿಂದಾಗ ಹಂಚಿಕೊಳ್ಳುತ್ತಿವೆ. ಹಂಚಿಕೊಂಡಿದ್ದು ಕಣ್ಣು ಮಾತ್ರ, ಬೆರಳಲ್ಲ. ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವೋದು ಇಲ್ಲೇ. ನೇಟೋದ್ದು ಬೇರೆ ಥರ. ರಾಡಾರ್ ಟರ್ಕಿಯ ಕುರೆಜಿಕ್‌ನಲ್ಲಿ, ತಡೆ ಕ್ಷಿಪಣಿ ರೊಮೇನಿಯಾದ ದೆವೆಸೆಲುನಲ್ಲಿ, ಕಮಾಂಡ್ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ. ಮೂರು ಪ್ರಶ್ನೆಗೆ ಮೂರು ದೇಶ!

ದಾರವನ್ನು ಬೆರಳಲ್ಲೇ ಹಿಡಿಯಿರಿ, ಟೇಪ್ ಹಚ್ಚಬೇಡಿ. ನಾನು ಕೀಳುವಾಗ ಅರ್ಧ ಜಪಾನ್ ಕಿತ್ತುಬಂತು. ಮಗಳು ಇನ್ನೂ ಬಯ್ಯುತ್ತಿದ್ದಾಳೆ.