ಒಂದು ಜಿಬಿ ರ‍್ಯಾಮ್, ಆಂಟಿಎಕ್ಸ್ ಮತ್ತು ಕಗಪ ಕೀಲಿಮಣೆ: ನನ್ನ ಅನುಭವ

ಒಂದು ಹಳೆಯ ಪುಟ್ಟ ಲ್ಯಾಪ್‌ಟಾಪಿಗೆ ಆಂಟಿಎಕ್ಸ್ ಎಂಬ ಹಗುರ ಲಿನಕ್ಸ್ ವಿತರಣೆಯನ್ನೂ (ಲಿನಕ್ಸ್‌ನ ಸಿದ್ಧ ರೂಪ), ಕಗಪ ಎಂಬ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವನ್ನೂ ಹಾಕಿ ಕನ್ನಡ ಬರೆಯುವಂತೆ ಮಾಡಿದ ಕಥೆ ಇದು. ಈ ಬರಹವನ್ನೂ ಅದೇ ಯಂತ್ರದಲ್ಲಿ ಕುಳಿತು ಬರೆಯುತ್ತಿದ್ದೇನೆ. ಇಂಟೆಲ್ ಆಟಂ ಎನ್270, ಒಂದು ಜಿಬಿ ಡಿಡಿಆರ್2 ರ‍್ಯಾಮ್, 1024×600 ಚುಕ್ಕಿಗಳ ಪುಟ್ಟ ಪರದೆ. ಸಂಪಾದಕ, ಕಡತ ವ್ಯವಸ್ಥಾಪಕ, ಒಂದು ಟರ್ಮಿನಲ್ ತೆರೆದಿವೆ. ರ‍್ಯಾಮ್ ಎಷ್ಟು ಖರ್ಚಾಗಿದೆ ಎಂದು ತೋರಿಸುವ ಎಚ್‌ಟಾಪ್‌ನಲ್ಲಿ ಬಳಕೆ 230 ಎಂಬಿಯ ಆಸುಪಾಸು ನಿಂತಿದೆ. ಕೀಲಿ ಒತ್ತಿದ ಕ್ಷಣವೇ ಅಕ್ಷರ ಮೂಡುತ್ತದೆ, ಒತ್ತಕ್ಷರ ಸಮೇತ.

ಮೂಲೆಯಲ್ಲಿ ಬಿದ್ದಿದ್ದ ಇದನ್ನು ಎತ್ತಿಕೊಂಡಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಅಣ್ಣ, ಬ್ಯಾಟರಿ ಸತ್ತಿದೆ, ಕೀಲಿಮಣೆ ಸವೆದಿದೆ. ಇದಕ್ಕೆ ಸುರಿಯುವ ದುಡ್ಡಿಗೆ ಹಳೆಯ ಐ3 ಯಂತ್ರವೇ ಸಿಗುತ್ತದೆ" ಎಂದ ತಮ್ಮ. ಸರ್ವರ್‌ಗಳ ನಡುವೆಯೇ ದಿನ ಕಳೆಯುವ ಗೆಳೆಯನಂತೂ "ಲಿನಕ್ಸ್ ಏಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ಮೇಲೆ ಕನ್ನಡ ಬರೆಯಲು ಕೂತರೆ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತೀಯ" ಎಂದುಬಿಟ್ಟ. ಅವನ ಮಾತಿನಲ್ಲಿ ಹುರುಳಿತ್ತು. ಮುಂದೆ ನಾನೂ ಒಮ್ಮೆ ಸೋತದ್ದು ಅಲ್ಲಿಯೇ.

ಎನ್270 ಬರೀ 32 ಬಿಟ್ ಪ್ರೊಸೆಸರ್, 64 ಬಿಟ್‌ಗೆಂದು ಕಟ್ಟಿದ ವಿತರಣೆಗಳು ಇದರಲ್ಲಿ ಓಡುವುದಿಲ್ಲ. ಲುಬುಂಟು ಎಂಬ ವಿತರಣೆ 19.04ನೆಯ ಆವೃತ್ತಿಯಿಂದಲೇ 32 ಬಿಟ್‌ಗೆ ಬಾಗಿಲು ಮುಚ್ಚಿದೆ. ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಅನುಸ್ಥಾಪನೆಯ ಐಎಸ್‌ಒ (ಪೆನ್‌ಡ್ರೈವಿಗೆ ಬರೆದುಕೊಳ್ಳುವ ಕಡತ) ಇಲ್ಲ. ಹಾಗಾಗಿ ನನ್ನ ಪಟ್ಟಿ ಚಿಕ್ಕದು: ಪಪ್ಪಿ, ಟೈನಿ ಕೋರ್, ಬೋಧಿಯ ಹಳೆಯ 32 ಬಿಟ್ ಆವೃತ್ತಿ, ಮತ್ತು ಡೆಬಿಯನ್ 12ರ ಮೇಲೆ ನಿಂತ ಆಂಟಿಎಕ್ಸ್ 23.

ಮೊದಲು ಮಾಡಿದ್ದೇ ದೊಡ್ಡ ತಪ್ಪು. ಯಾವ ವಿತರಣೆಯನ್ನೂ ಹಾಕುವ ಮುನ್ನವೇ ಒಂದು ಜಿಬಿ ಸಾಲದೆಂದು ತೀರ್ಮಾನಿಸಿ ಎರಡು ಜಿಬಿಯ ಹಳೆಯ ರ‍್ಯಾಮ್ ಪಟ್ಟಿಯೊಂದನ್ನು ಕೊಂಡೆ. ಈ ಯಂತ್ರಕ್ಕಿರುವುದು ಒಂದೇ ಕಿಂಡಿ. ಹಳೆಯದನ್ನು ತೆಗೆದು ಇದನ್ನು ಕೂರಿಸಿದೆ, ಬಯೋಸ್ ಎರಡು ಜಿಬಿ ಎಂದು ತೋರಿಸಿತು, ಸಂತೋಷಪಟ್ಟೆ. ಆಮೇಲೆ ಶುರುವಾಯಿತು. ಪಪ್ಪಿ ಅರ್ಧ ಗಂಟೆ ಓಡಿ ಕಲ್ಲಾಗುತ್ತಿತ್ತು. ಬೋಧಿ ಲಾಗಿನ್ ಪರದೆಯಿಂದಲೇ ಹಿಂದಿರುಗುತ್ತಿತ್ತು. ಆಂಟಿಎಕ್ಸ್ ಅನುಸ್ಥಾಪನೆ ಮೂರು ಸಲ ಮೂರು ಬೇರೆ ಬೇರೆ ಜಾಗದಲ್ಲಿ ನಿಂತಿತು. ಪ್ರತಿ ಸಲವೂ ವಿತರಣೆಯನ್ನೇ ದೂರಿದೆ, ಪೆನ್‌ಡ್ರೈವ್ ಬದಲಿಸಿದೆ, ಐಎಸ್‌ಒ ಮತ್ತೆ ಇಳಿಸಿ ಕಡತ ಸರಿಯಾಗಿ ಇಳಿದಿದೆಯೇ ಎಂದು ಚೆಕ್‌ಸಮ್ ತಾಳೆ ನೋಡಿದೆ. ಹೀಗೆ ಸುಮಾರು ಒಂದು ತಿಂಗಳು ಹೋಯಿತು.

ಒಂದು ರಾತ್ರಿ ಬೇಸತ್ತು ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಏಳೆಂಟು ನಿಮಿಷವೂ ಆಗಿರಲಿಲ್ಲ, ಪರದೆಯ ಕೆಳಗೆ ಕೆಂಪು ಸಾಲುಗಳು ಒಂದರ ಕೆಳಗೊಂದು ಇಳಿಯತೊಡಗಿದವು. ವಿಳಾಸಗಳೆಲ್ಲ ಮೇಲಿನ ಅರ್ಧದಲ್ಲೇ. ಅದಕ್ಕೇ ಯಂತ್ರ ಮೊದಲು ಚೆನ್ನಾಗಿ ಓಡಿ, ಸ್ಮೃತಿ ತುಂಬುತ್ತಾ ಬಂದಂತೆ ಬೀಳುತ್ತಿತ್ತು. ಮಾರಿದವರು ಬಳಸಿದ ಮಾಲನ್ನು ವಾಪಸ್ ಪಡೆಯುವುದಿಲ್ಲ ಎಂದರು. ಇಡೀ ಪ್ರಯೋಗಕ್ಕೆ ಮಾಡಿದ ಖರ್ಚಿನಲ್ಲಿ ಮೂರರಲ್ಲೊಂದು ಪಾಲು ಆ ಪಟ್ಟಿಗೇ ಹೋಯಿತು, ಅದು ಈಗಲೂ ಮೇಜಿನ ಖಾನೆಯಲ್ಲಿದೆ. ಹಳೆಯ ಒಂದು ಜಿಬಿಯನ್ನೇ ಮತ್ತೆ ಕೂರಿಸಿ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ. ಬೆಳಗ್ಗೆ ಒಂದು ದೋಷವೂ ಇರಲಿಲ್ಲ. ಹಳೆಯ ಯಂತ್ರವನ್ನು ಕೈಗೆತ್ತಿಕೊಂಡರೆ ನಾನೀಗ ಮಾಡುವ ಮೊದಲ ಕೆಲಸವೇ ಅದು. ಪಪ್ಪಿಯ ಮೇಲೆ ನಾನು ಹೊರಿಸಿದ್ದ ದೂರುಗಳನ್ನೆಲ್ಲ ಆ ಬೆಳಗ್ಗೆಯೇ ಹಿಂದಕ್ಕೆ ಪಡೆದೆ.

ಎರಡನೆಯ ಸೋಲು ಚಿಕ್ಕದು, ಆದರೆ ಎರಡು ಸಂಜೆ ತಿಂದಿತು. ಆಂಟಿಎಕ್ಸ್ ಲೈವ್ ಆಗಿ, ಅಂದರೆ ಪೆನ್‌ಡ್ರೈವಿನಿಂದಲೇ, ಎದ್ದಿತು. ಒಳಗಿದ್ದ ಅಥೆರಾಸ್ ಕಾರ್ಡು ಫರ್ಮ್‌ವೇರ್ (ಕಾರ್ಡಿಗೆ ಬೇಕಾಗುವ ಪ್ರತ್ಯೇಕ ಕಡತ) ಕೇಳದೆ ವೈಫೈ ಹಿಡಿಯಿತು. ಆದರೆ ಬ್ರೌಸರ್ ಒಂದು ತಾಣವನ್ನೂ ತೆರೆಯಲಿಲ್ಲ, ತಂತ್ರಾಂಶ ಇಳಿಸಿಕೊಡುವ ಆ್ಯಪ್ಟ್ ಕೂಡ ಭಂಡಾರದ ಕಡತ ಇನ್ನೂ ಊರ್ಜಿತವಾಗಿಲ್ಲ ಎಂದು ತಕರಾರು ತೆಗೆಯಿತು. ಡಿಎನ್‌ಎಸ್ ಬದಲಿಸಿದೆ, ರೂಟರ್ ಆರಿಸಿ ಹೊತ್ತಿಸಿದೆ. ಕೊನೆಗೆ ಕಣ್ಣು ಪರದೆಯ ಮೂಲೆಗೆ ಹೋಯಿತು: ಗಡಿಯಾರ 2008ರ ಜನವರಿಯಲ್ಲಿತ್ತು. ಮದರ್‌ಬೋರ್ಡಿನ ಸೆಲ್ ಸತ್ತಿದೆ. ತಾಣಗಳ ಭದ್ರತಾ ಪ್ರಮಾಣಪತ್ರಗಳೆಲ್ಲ ಯಂತ್ರದ ಪಾಲಿಗೆ ಇನ್ನೂ ಹುಟ್ಟಿಯೇ ಇಲ್ಲ. ಸೆಲ್ ಬದಲಿಸಲು ಕೀಲಿಮಣೆ ಎತ್ತಬೇಕಾಯಿತು, ಎತ್ತಿದ್ದು ಒಳ್ಳೆಯದೇ ಆಯಿತು. ಫ್ಯಾನಿನ ರೆಕ್ಕೆಗಳ ನಡುವೆ ದೂಳು ಹತ್ತಿಯಂತೆ ಕಟ್ಟಿಕೊಂಡಿತ್ತು. ತೆಗೆದು, ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದ ಮೇಲೆ ಶಾಖ ಹತ್ತು ಡಿಗ್ರಿಯಷ್ಟು ಇಳಿಯಿತು.

ಡಿಸ್ಕನ್ನೂ ಆಗಲೇ ಬದಲಿಸಿದೆ. ಈ ಚಿಪ್‌ಸೆಟ್‌ನ ಸಾಟಾ (ಡಿಸ್ಕ್ ಜೋಡಿಸುವ ದಾರಿ) ಸೆಕೆಂಡಿಗೆ 150 ಎಂಬಿ ದಾಟುವುದಿಲ್ಲ, ಆದ್ದರಿಂದ ದುಬಾರಿ ಎಸ್‌ಎಸ್‌ಡಿ ಹಾಕಿದರೆ ದುಡ್ಡು ದಂಡ. ಸಿಕ್ಕಿದ್ದರಲ್ಲೇ ಅಗ್ಗದ 120 ಜಿಬಿಯದನ್ನು ಹಾಕಿದೆ. ಬೂಟ್ ಆಗಲು ಒಂದೂಕಾಲು ನಿಮಿಷ ಹಿಡಿಯುತ್ತಿದ್ದದ್ದು ಮೂವತ್ತೈದು ಸೆಕೆಂಡಿಗೆ ಬಂತು. ಕೆಟ್ಟ ರ‍್ಯಾಮ್, ಎಸ್‌ಎಸ್‌ಡಿ, ಸೆಲ್, ಪೇಸ್ಟ್ ಎಲ್ಲ ಸೇರಿಸಿದರೂ ಒಂದು ಹೊಸ ಸಾಧಾರಣ ಲ್ಯಾಪ್‌ಟಾಪಿನ ಬೆಲೆಯಲ್ಲಿ ಹತ್ತನೆಯ ಒಂದು ಪಾಲು ಆಗಿರಬಹುದು. ತಮ್ಮನ ಲೆಕ್ಕ ತಪ್ಪಿತ್ತು ಎಂದು ಅವನಿಗೆ ತೋರಿಸಿದ್ದೇನೆ.

ಇನ್ನು ವಿತರಣೆ. ಆಂಟಿಎಕ್ಸ್‌ನ ಫುಲ್ ಬಿಟ್ಟು ಬೇಸ್ ಐಎಸ್‌ಒ ತೆಗೆದುಕೊಂಡೆ. ಯಂತ್ರ ಏಳುವಾಗ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಇಲ್ಲ. ಅದೇ ಕೆಲಸಕ್ಕೆ ಸಿಸ್‌ವಿ ಇನಿಟ್ ಮತ್ತು ರನಿಟ್ ಎರಡೂ ಇವೆ, ನಾನು ಸಿಸ್‌ವಿಯನ್ನೇ ಉಳಿಸಿಕೊಂಡೆ. ಐಸ್‌ಡಬ್ಲ್ಯೂಎಂ ಮೇಜುತೆರೆ ಎದ್ದು ನಿಂತಾಗ ಬಳಕೆ 140–150 ಎಂಬಿ. ಅನುಸ್ಥಾಪಕದ ಕಿಟಕಿ ಪರದೆಗಿಂತ ಉದ್ದವಾಗಿ 'ಮುಂದೆ' ಗುಂಡಿ ಕೆಳಗೆ ಮುಳುಗಿಹೋಯಿತು. ಆಲ್ಟ್ ಹಿಡಿದು ಕಿಟಕಿಯನ್ನು ಎಲ್ಲೆಂದರಲ್ಲಿ ಎಳೆದರೆ ಮೇಲಕ್ಕೆ ಬರುತ್ತದೆ. 600 ಚುಕ್ಕಿ ಎತ್ತರದ ಪರದೆಯವರಿಗೆ ಈ ಒಂದು ಅಭ್ಯಾಸ ಕೈಗೆ ಬಂದರೆ ಸಾಕು, ಜೀವ ಉಳಿಯುತ್ತದೆ.

ಇಲ್ಲಿಯವರೆಗೂ ಗೆಳೆಯ ಹೇಳಿದಂತೆಯೇ ನಡೆದಿತ್ತು, ಲಿನಕ್ಸ್ ಎದ್ದಿತ್ತು. ಕನ್ನಡ ಹಾಕಿದ ಮೇಲೆ ನಿಜವಾದ ತೂಕ ಗೊತ್ತಾಯಿತು. ಎಲ್ಲರಂತೆ ಭಾಷೆಗಳನ್ನು ಟೈಪಿಸಲು ಬಳಸುವ ಐಬಸ್, ಅದಕ್ಕೆ ಎಂ17ಎನ್ ಎಂಬ ಕೀಲಿಮಣೆಗಳ ಕಟ್ಟು, ಅದರಲ್ಲಿ ಕೆಜಿಪಿ (ಕಗಪ) ವಿನ್ಯಾಸ ಹಾಕಿದೆ. ದೊಡ್ಡ ಯಂತ್ರದಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ, ಅಲ್ಲಿ ನಾನು ಈಗಲೂ ಬಳಸುವುದು ಇದನ್ನೇ. ಇಲ್ಲಿ ಅದರ ಹಿನ್ನೆಲೆಯ ಪ್ರೋಗ್ರಾಮುಗಳೆಲ್ಲ ಸೇರಿ ಎಪ್ಪತ್ತು ಎಂಬಿಯಷ್ಟು ಕೂತವು. ಬ್ರೌಸರ್ ತೆರೆದಾಗ ಇವು ಸ್ವಾಪ್‌ಗೆ (ರ‍್ಯಾಮ್ ಸಾಲದಾದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಹೋಗುತ್ತಿದ್ದವು, ಆಮೇಲೆ ಒತ್ತಿದ ಮೊದಲ ಕೀಲಿಗೆ ಎರಡು ಮೂರು ಸೆಕೆಂಡು ಏನೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ಬೆರಳು ಇನ್ನೂ ನಾಲ್ಕು ಅಕ್ಷರ ಒತ್ತಿರುತ್ತದೆ, ಎಲ್ಲ ಒಮ್ಮೆಗೇ ಬಂದು ಬೀಳುತ್ತವೆ. ಬರೆಯುವವನಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ.

ಹಗುರವಾದ ವಿತರಣೆ ಯಾವುದು ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ. ಇಂದಿನ ಹಗುರ ವಿತರಣೆಗಳ ನಡುವಿನ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಅದರ ಮೇಲೆ ನಾವು ಏರಿಸುವುದನ್ನು ಒಂದೊಂದಾಗಿ ತೂಗಿ ನೋಡಬೇಕು. ನಾನು ಐಬಸ್ ಕಿತ್ತುಹಾಕಿ ಎಕ್ಸ್‌ಕೆಬಿಯ ಕಗಪ ವಿನ್ಯಾಸಕ್ಕೆ ಬಂದೆ. ಅದು ಪರದೆ, ಕೀಲಿಮಣೆಗಳನ್ನು ನೋಡಿಕೊಳ್ಳುವ ಎಕ್ಸ್ ಸರ್ವರ್‌ನಲ್ಲೇ ಇರುವ ಕೋಷ್ಟಕ, ಹಿನ್ನೆಲೆಯಲ್ಲಿ ಯಾವ ಪ್ರೋಗ್ರಾಮೂ ಓಡುವುದಿಲ್ಲ. ಡೆಸ್ಕ್‌ಟಾಪ್ ಸೆಷನ್‌ನ ಸ್ಟಾರ್ಟಪ್ ಕಡತದಲ್ಲಿ ಸೆಟ್‌ಎಕ್ಸ್‌ಕೆಬಿಮ್ಯಾಪ್ ಆದೇಶದ ಒಂದು ಸಾಲು ಸೇರಿಸಿದೆ, ಇಂಗ್ಲಿಷ್–ಕನ್ನಡ ಬದಲಿಸಲು ಒಂದು ಕೀಲಿ ಕೊಟ್ಟೆ. ಎಪ್ಪತ್ತು ಎಂಬಿ ವಾಪಸ್ ಬಂತು. ವಿಳಂಬ ಅಂದಿನಿಂದ ಇಂದಿನವರೆಗೂ ಕಾಣಿಸಿಲ್ಲ.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ನುಡಿಯಲ್ಲೋ ಐಬಸ್‌ನಲ್ಲೋ ಪಳಗಿದ ಕೈಗೆ ಇದು ಮೊದಲು ಒಗ್ಗುವುದಿಲ್ಲ. ಅಲ್ಲಿ ತಂತ್ರಾಂಶ ಹಿಂದಿನ ಅಕ್ಷರವನ್ನು ನೋಡಿ ಸ್ವರವನ್ನು ಗುಣಿತ ಚಿಹ್ನೆಯಾಗಿ ತಾನೇ ಮಾರ್ಪಡಿಸುತ್ತದೆ. ಎಕ್ಸ್‌ಕೆಬಿಗೆ ಹಿಂದುಮುಂದು ಗೊತ್ತಿಲ್ಲ, ಒತ್ತಿದ ಕೀಲಿಗೆ ಒಂದು ಅಕ್ಷರ ಕಳಿಸುವುದಷ್ಟೇ ಅದರ ಕೆಲಸ. ಹಾಗಾಗಿ ಸ್ವರಕ್ಕೂ ಅದರ ಚಿಹ್ನೆಗೂ ಬೆರಳು ಬೇರೆ ಬೇರೆ ಒತ್ತು ಕಲಿಯಬೇಕು. ಮೊದಲ ದಿನ 'ಕನ್ನಡದಲ್ಲಿ' ಎಂದು ಬರೆಯಲು ಹೋದರೆ 'ಕನ್ನಡದಲ್ಲಇ' ಎಂದು ಬರುತ್ತಿತ್ತು. ನಾಲ್ಕೈದು ದಿನಕ್ಕೆ ಕೈ ಪಳಗಿತು. ಎರಡನೆಯ ವಾರ ನನ್ನ ಹಳೆಯ ವೇಗಕ್ಕೆ ಬಂದೆ.

ಅಕ್ಷರಗಳಿಗೆ ಡೆಬಿಯನ್‌ನ ಕನ್ನಡ ಫಾಂಟುಗಳ ಒಂದೇ ಕಟ್ಟು ಸಾಕು. ಲೋಹಿತ್, ಗುಬ್ಬಿ, ನವಿಲು ಮೂರೂ ಒಟ್ಟಿಗೆ ಬರುತ್ತವೆ. ನೋಟೋ ಫಾಂಟುಗಳ ಇಡೀ ಕಟ್ಟು ಹಾಕಬೇಡಿ, ನೀವು ಜನ್ಮದಲ್ಲಿ ಓದದ ಲಿಪಿಗಳೂ ಡಿಸ್ಕಿಗೆ ಬಂದು ಕೂರುತ್ತವೆ. ಸಂಪಾದಕಕ್ಕೆ ಮೌಸ್‌ಪ್ಯಾಡ್ ಆರಿಸಿದೆ. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಪ್ಯಾಂಗೋ ಬಳಸುವ ಯಾವುದಾದರೂ ಆದೀತು. ಹಗುರ ಎಂದು ಎಕ್ಸ್‌ಟರ್ಮ್ ಟರ್ಮಿನಲ್ ಒಳಗೆ ನ್ಯಾನೋ ಸಂಪಾದಕದಲ್ಲಿ ಬರೆಯಲು ಹೋಗಿ ಕೈಸುಟ್ಟುಕೊಂಡಿದ್ದೇನೆ: 'ಕ್ಷಮೆ' ಎಂಬ ಪದದಲ್ಲಿ ಕ ಒಂದು ಕಡೆ, ಅರ್ಧಾಕ್ಷರ ಚಿಹ್ನೆ ಒಂದು ಕಡೆ, ಷ ಇನ್ನೊಂದು ಕಡೆ ಬಿಡಿಬಿಡಿಯಾಗಿ ಕೂರುತ್ತವೆ. ಡಿಲ್ಲೋ ಬ್ರೌಸರಿನ ಕಥೆಯೂ ಅದೇ. ವೇಗ ನೋಡಿದರೆ ಕಣ್ಣು ತಂಪಾಗುತ್ತದೆ, ಕನ್ನಡದ ಒತ್ತಕ್ಷರ ನೋಡಿದರೆ ಹೊಟ್ಟೆ ಉರಿಯುತ್ತದೆ. ಲಿಬ್ರೆಆಫೀಸ್ ರೈಟರ್ ತೆರೆಯಲು ಅರ್ಧ ನಿಮಿಷ ಬೇಕು, ಕೊನೆಯ ಪುಟವಿನ್ಯಾಸಕ್ಕೆ ಮಾತ್ರ ಅದನ್ನು ಕರೆಯುತ್ತೇನೆ.

ಉಳಿದದ್ದು ಜಡ್‌ರ‍್ಯಾಮ್, ಅಂದರೆ ರ‍್ಯಾಮ್‌ನೊಳಗೇ ಅಡಕಿ ಇಡುವ ಸ್ವಾಪ್. ಇದು ನನ್ನ ಹೆಮ್ಮೆಯ ಭಾಗ. ಡಿಸ್ಕಿನ ಸ್ವಾಪ್ ಕೊನೆಯ ಆಸರೆಗೆ ಇಟ್ಟು, ಬೂಟ್ ಆಗುವಾಗ ಆರ್‌ಸಿ ಲೋಕಲ್ ಕಡತದಿಂದ ಜಡ್‌ರ‍್ಯಾಮ್ ಎಬ್ಬಿಸುತ್ತೇನೆ. ಅಡಕುವ ವಿಧಾನವಾಗಿ ಮೊದಲು ಜಡ್‌ಎಸ್‌ಟಿಡಿ ಹಾಕಿದ್ದೆ. ಹೆಚ್ಚು ಅಡಕುತ್ತದೆ ನಿಜ, ಆದರೆ ಎನ್270ಗೆ ಅದು ಭಾರ, ಟ್ಯಾಬ್ ಬದಲಿಸಿದಾಗಲೆಲ್ಲ ಪ್ರೊಸೆಸರ್ ನೂರಕ್ಕೆ ಹೋಗುತ್ತಿತ್ತು. ಎಲ್‌ಜಡ್4 ಎಂಬ ಹಗುರ ವಿಧಾನಕ್ಕೆ ಬಂದ ಮೇಲೆ ಎಲ್ಲ ಹಿಡಿತಕ್ಕೆ ಬಂತು. ಲಿನಕ್ಸ್ ಕರ್ನೆಲ್ 5.8ರಿಂದೀಚೆಗೆ ಸ್ವಾಪಿನೆಸ್ (ಸ್ವಾಪ್ ಬಳಸುವ ಒಲವಿನ ಅಳತೆ) ನೂರನ್ನೂ ದಾಟಿ 200ರವರೆಗೆ ಹೋಗಬಹುದು. ಜಡ್‌ರ‍್ಯಾಮ್ ಇದ್ದಲ್ಲಿ ಹಾಗೆ ದಾಟಿಸುವುದೇ ಸರಿ. ಗಾತ್ರ ಎಷ್ಟು, ಸ್ವಾಪಿನೆಸ್ ಎಷ್ಟಕ್ಕೆ ನಿಲ್ಲಿಸಿದೆ ಎಂಬ ಎರಡು ಸಂಖ್ಯೆಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೂರು ವಾರ ಕೂತು ಹುಡುಕಿದ್ದು. ನಿಮ್ಮ ಯಂತ್ರದ ಸಂಖ್ಯೆಯನ್ನು ನೀವೇ ಹುಡುಕಿಕೊಂಡರೆ ಅದು ಸರಿಯಾಗಿ ಕೂರುತ್ತದೆ.

ಬ್ರೌಸರ್‌ಗೆ ಫೈರ್‌ಫಾಕ್ಸ್‌ನ ದೀರ್ಘ ಬೆಂಬಲದ ಆವೃತ್ತಿ, ಇಎಸ್‌ಆರ್ 140. ಸಾಮಾನ್ಯ ಆವೃತ್ತಿ 145ರಿಂದ 32 ಬಿಟ್ ಲಿನಕ್ಸ್‌ಗೆ ಬರುವುದು ನಿಂತಿದೆ, ಕ್ರೋಮ್ 2016ರಲ್ಲೇ ನಿಂತಿತ್ತು. ನಾನು ಏಳು ಸೆಟ್ಟಿಂಗ್ ಬದಲಿಸಿದ್ದೇನೆ, ಮುಖ್ಯವಾದ ಎರಡನ್ನು ಹೇಳುತ್ತೇನೆ: ಪುಟಗಳನ್ನು ತೋರಿಸುವ ಕಂಟೆಂಟ್ ಪ್ರೊಸೆಸ್‌ಗಳ ಸಂಖ್ಯೆಯನ್ನು ಒಂದಕ್ಕೆ ಇಳಿಸಿ, ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್ ಹಾಕಿ ದೊಡ್ಡ ಚಿತ್ರಗಳನ್ನು ತಡೆಯಿರಿ. ಮೂರು ಟ್ಯಾಬ್ ನೆಮ್ಮದಿಯಾಗಿ ನಡೆಯುತ್ತವೆ, ನಾಲ್ಕನೆಯದಕ್ಕೆ ಮುನಿಸಿಕೊಳ್ಳುತ್ತದೆ. ವಿಡಿಯೊ ಬೇಕೆಂದರೆ ಎಂಪಿವಿ ಪ್ಲೇಯರಿನಲ್ಲಿ 360ಪಿ ತನಕ ಸರಿ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಕರ್ನೆಲ್‌ನ ರಕ್ಷಣಾ ತೇಪೆಗಳನ್ನು ನಿಲ್ಲಿಸುವ 'ಮಿಟಿಗೇಷನ್ಸ್ ಆಫ್' ಹಾಕಿದರೆ ವೇಗ ಬರುತ್ತದೆಂದು ಕೇಳಿ ಹಾಕಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ಆಮೇಲೆ ಹೊಳೆಯಿತು: ಈ ಹಳೆಯ ಆಟಂ ಆದೇಶಗಳನ್ನು ಬಂದ ಸಾಲಿನಲ್ಲೇ ನಡೆಸುವ ಪ್ರೊಸೆಸರ್, ಆ ತೇಪೆಗಳು ತಡೆಯುವ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳು ಇದನ್ನು ಮುಟ್ಟುವುದೇ ಇಲ್ಲ, ನಿಲ್ಲಿಸಲು ಅಲ್ಲಿ ಏನೂ ಇರಲಿಲ್ಲ. ಟೈನಿ ಕೋರ್ ಕೂಡ ಒಂದು ವಾರ ಇಟ್ಟುಕೊಂಡಿದ್ದೆ. ಇಪ್ಪತ್ಮೂರು ಎಂಬಿ ಐಎಸ್‌ಒ ಪೂರ್ತಿ ಸ್ಮೃತಿಗೇರಿ ಹನ್ನೆರಡು ಸೆಕೆಂಡಿನಲ್ಲಿ ಎದ್ದು ನಿಲ್ಲುವುದನ್ನು ನೋಡುವುದೇ ಒಂದು ಹಬ್ಬ. ಆದರೆ ನನಗೆ ಬೇಕಾದ್ದನ್ನೆಲ್ಲ ಒಂದೊಂದೇ ವಿಸ್ತರಣೆಯಾಗಿ ಏರಿಸುತ್ತಾ ಹೋದಾಗ ಕೊನೆಗೆ ಆಂಟಿಎಕ್ಸ್‌ನಷ್ಟೇ ತೂಕಕ್ಕೆ ಬಂದು ನಿಂತಿತು.

ಹೋದ ತಿಂಗಳು ಈ ಇಡೀ ವ್ಯವಸ್ಥೆಯನ್ನು ಆಂಟಿಎಕ್ಸ್‌ನದೇ ಸ್ನ್ಯಾಪ್‌ಶಾಟ್ ಸಾಧನದಿಂದ ಒಂದು ಐಎಸ್‌ಒ ಆಗಿ ತೆಗೆದಿಟ್ಟೆ. ಕಗಪ, ಫಾಂಟುಗಳು, ಜಡ್‌ರ‍್ಯಾಮ್, ಬ್ರೌಸರ್ ಎಲ್ಲ ಒಳಗೇ ಇವೆ. ಗಾತ್ರ ಒಂದೂವರೆ ಜಿಬಿಗಿಂತ ಕಡಿಮೆ. ಡೆಬಿಯನ್ 12ರ ದೀರ್ಘಾವಧಿ ಬೆಂಬಲ 2028ರ ಜೂನ್ ತನಕ ಇರುವುದರಿಂದ ಅಲ್ಲಿಯವರೆಗೆ ಇದನ್ನು ನಿಶ್ಚಿಂತೆಯಿಂದ ನಡೆಸುವ ಯೋಚನೆ ನನ್ನದು.

ಸರ್ವರ್ ಗೆಳೆಯ ಕಳೆದ ವಾರ ಬಂದಿದ್ದ. ಎರಡು ಪ್ಯಾರಾ ಬರೆದು ನೋಡಿದ, ಬ್ರೌಸರ್ ತೆರೆದು ಮತ್ತೆ ಸಂಪಾದಕಕ್ಕೆ ಬಂದು ಒತ್ತಿ ನೋಡಿದ, ಏನೂ ಹೇಳದೆ ತನ್ನ ಪೆನ್‌ಡ್ರೈವ್ ಮುಂದೆ ಇಟ್ಟ. ಅವನ ಮನೆಯಲ್ಲೂ ಇಂಥದೇ ಒಂದು ಯಂತ್ರ ಇದೆಯಂತೆ. ಅದರಲ್ಲಿ ಬ್ರಾಡ್‌ಕಾಮ್ ವೈಫೈ ಕಾರ್ಡಿದೆ, ಫರ್ಮ್‌ವೇರ್ ಸೇರಿಸಿ ಐಎಸ್‌ಒ ಮತ್ತೊಮ್ಮೆ ಕಟ್ಟಬೇಕು. ಕೊಡುವ ಮುಂಚೆ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿಡು ಎಂದು ಹೇಳಿ ಕಳಿಸಿದ್ದೇನೆ.