ಡಿಇಐಸಿಯಿಂದ ಅಂಗನವಾಡಿಗೆ: ಅಂಗವೈಕಲ್ಯವಿರುವ ಮಗುವನ್ನು ಕಳಿಸುವ ಮುಂಚಿನ ಆರು ತಿಂಗಳು

ಮಗುವಿಗೆ ಮೂರು ತುಂಬುವ ಹೊತ್ತಿಗೆ ರಾಯಚೂರು ಜಿಲ್ಲೆಯ ಮನೆಗಳಲ್ಲಿ ಎರಡು ಮಾತು ಬರುತ್ತವೆ. ಒಂದು, ‘ಮೊದ್ಲು ನಡೀಲಿ, ಆಮ್ಯಾಲೆ ಸಾಲಿಗೆ ಕಳಿಸೋಣು.’ ಇನ್ನೊಂದು, ‘ಅಂಗನವಾಡಿಗೆ ಹಾಕೀವಿ, ಇನ್ನ ದವಾಖಾನಿ ಯಾಕ?’ ಎರಡೂ ತಪ್ಪು. ಅಂಗನವಾಡಿ 3ರಿಂದ 6 ವರ್ಷದ ಎಲ್ಲ ಮಕ್ಕಳದ್ದು. ನಡೆಯಬೇಕು, ಮಾತಾಡಬೇಕು, ಚಡ್ಡಿ ಒದ್ದೆ ಮಾಡಬಾರದು ಎಂಬ ಷರತ್ತು ಅಲ್ಲಿಲ್ಲ. ಇತ್ತ ಬೆಳವಣಿಗೆಯ ತೊಂದರೆಯಿರುವ ಮಕ್ಕಳಿಗೆ ಥೆರಪಿ ಕೊಡುವ ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರ, ಅಂದರೆ ಎಲ್ಲರೂ ಡಿಇಐಸಿ ಎನ್ನುವ ಜಾಗ, ಮಗುವಿಗೆ 6 ಆಗುವವರೆಗೂ ನೋಡುತ್ತದೆ. ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದಲ್ಲ, ಎರಡನ್ನೂ ಕೂಡಿಸಿ ನಡೆಸುವುದು.

ಕೂಡಿಸುವವರು ಯಾರು ಎಂಬುದೇ ತೊಡಕು. ಡಿಇಐಸಿ ಆರೋಗ್ಯ ಇಲಾಖೆಯದು, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಎಲ್‌ಕೆಜಿ ಮತ್ತು ಒಂದನೇ ತರಗತಿ ಶಿಕ್ಷಣ ಇಲಾಖೆಯವು. ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣಕ್ಕಾಗಿ ಅಮೆರಿಕದಲ್ಲಿರುವ ಐಡಿಇಎ ಕಾನೂನಿನಲ್ಲಿ ಮಗುವಿಗೆ ಮೂರು ತುಂಬಲು ಕನಿಷ್ಠ 90 ದಿನ ಇರುವಾಗಲೇ ಚಿಕಿತ್ಸೆಯ ಕಡೆಯವರನ್ನೂ ಶಾಲೆಯ ಕಡೆಯವರನ್ನೂ ಕೂಡಿಸಿ ಸಭೆ ಮಾಡಬೇಕೆಂದಿದೆ. ನಮ್ಮಲ್ಲಿ ಕಡತ ತಾನಾಗಿ ಒಂದು ಮೇಜಿನಿಂದ ಇನ್ನೊಂದಕ್ಕೆ ನಡೆದು ಹೋಗುವುದಿಲ್ಲ. ಅವ್ವನ ಕೈಚೀಲದಲ್ಲೇ ಹೋಗಬೇಕು. ಹಾಗಾಗಿ ಮಗುವಿಗೆ ಎರಡೂವರೆ ವರ್ಷ ಆದಾಗಲೇ ತಯಾರಿ ಶುರುವಾಗಲಿ.

ಮೊದಲು ಒಂದು ಹಾಳೆ

ಲಿಂಗಸುಗೂರು, ಸಿಂಧನೂರು ಕಡೆಯಿಂದ ರಾಯಚೂರಿನ ಡಿಇಐಸಿಗೆ ಬಂದು ಹೋದರೆ ಒಂದು ದಿನದ ಕೂಲಿ ಹೋದಂತೆಯೇ. ಶಕ್ತಿ ಯೋಜನೆಯಿಂದ ಅವ್ವನ ಬಸ್ ಟಿಕೆಟ್ ಉಳಿದರೂ ದಿನ ಉಳಿಯುವುದಿಲ್ಲ. ಅದಕ್ಕೇ ಮುಂದಿನ ಥೆರಪಿಗೆ ಹೋದ ದಿನವೇ ಥೆರಪಿಸ್ಟರ ಜೊತೆ ಕುಳಿತು ಮಗುವಿನ ಬಗ್ಗೆ ಒಂದು ಹಾಳೆ ಬರೆಸಿ. ಕನ್ನಡದಲ್ಲಿ, ಒಂದೇ ಹಾಳೆ. ಎರಡಾದರೆ ಓದುವವರಿಲ್ಲ.

ಅದರಲ್ಲಿ ‘ಸೆರೆಬ್ರಲ್ ಪಾಲ್ಸಿ, ಶೇ 60’ ಎಂದಷ್ಟೇ ಇದ್ದರೆ ಅಂಗನವಾಡಿ ಟೀಚರ್‌ಗೆ ಏನೂ ತಿಳಿಯದು. ‘ಬಲಗೈಯಿಂದ ಲೋಟ ಹಿಡಿಯುತ್ತಾನೆ. ನೀರು ಬೇಕಾದಾಗ ನಾಲಿಗೆ ಹೊರಗೆ ಹಾಕುತ್ತಾನೆ. ಒಂದಕ್ಕೆ ಬಂದಾಗ ಆಟ ನಿಲ್ಲಿಸಿ ಸುಮ್ಮನಾಗುತ್ತಾನೆ. ಮಿಕ್ಸಿ ಸದ್ದಿಗೆ ಅಂಜುತ್ತಾನೆ’: ಇದು ಕೆಲಸಕ್ಕೆ ಬರುತ್ತದೆ. ಹೇಗೆ ಕೂರಿಸಬೇಕು, ಊಟ ಎಷ್ಟು ಗಟ್ಟಿ ಇರಬೇಕು, ಯಾವ ಔಷಧಿ ಎಷ್ಟು ಹೊತ್ತಿಗೆ, ಮನೆಯವರ ಎರಡು ಫೋನ್ ನಂಬರ್. ಒಂದು ಪ್ರತಿ ಟೀಚರ್‌ಗೆ, ಒಂದು ಸಹಾಯಕಿಗೆ. ಸಹಾಯಕಿಯನ್ನು ಮರೆಯಬೇಡಿ, ಊಟ ಮತ್ತು ಶೌಚ ಎರಡೂ ಹೆಚ್ಚಾಗಿ ಅವರ ಕೈಯಲ್ಲೇ ನಡೆಯುವುದು.

ಅಂಗವೈಕಲ್ಯ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಇಲ್ಲವೆಂದು ಅಂಗನವಾಡಿಗೆ ಸೇರಿಸುವುದನ್ನು ಮುಂದೂಡಬೇಡಿ. ಕಾರ್ಡ್ ಬೇಕಾಗುವುದು ಪಿಂಚಣಿ, ಸಲಕರಣೆಗಳಿಗೆ. ಅರ್ಜಿ ಹಾಕಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ತಾತ್ಕಾಲಿಕ ಪ್ರಮಾಣಪತ್ರ. ಮುಗಿಯುವ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.

ಕುರ್ಚಿ

ಸ್ನಾಯು ಬಿಗಿ ಇರುವ ಮಗು ಚಾಪೆಯ ಮೇಲೆ ಕುಳಿತರೆ ಬೀಳದೆ ಇರುವುದಕ್ಕೇ ಅದರ ಶಕ್ತಿಯೆಲ್ಲ ಖರ್ಚು. ಕೈ ಆಟಕ್ಕೆ ಸಿಗುವುದಿಲ್ಲ. ಊರಿನ ಬಡಿಗರೇ ಮಾಡಿಕೊಡಬಹುದಾದ ಕುರ್ಚಿಗೆ ಮೂರು ಅಳತೆ ಸಾಕು. ಮಗುವನ್ನು ನೆಟ್ಟಗೆ ಕೂರಿಸಿ, ಪಾದಕ್ಕೆ ಆಸರೆಯ ಬೂಟು ಹಾಕುವ ಮಗುವಾದರೆ ಬೂಟು ಹಾಕಿಯೇ, ಟೇಪು ಹಿಡಿಯಿರಿ. ಬೆನ್ನಿನ ಹಿಂಬದಿಯಿಂದ ಮೊಣಕಾಲ ಹಿಂದಿನ ಮಡಿಕೆವರೆಗಿನ ಉದ್ದದಲ್ಲಿ ಎರಡು ಬೆರಳು ಕಳೆದರೆ ಕೂರುವ ಹಲಗೆಯ ಆಳ: 24 ಸೆಂ.ಮೀ. ಬಂದರೆ 21 ಇಡಿ. ಮೊಣಕಾಲ ಮಡಿಕೆಯಿಂದ ಹಿಮ್ಮಡಿವರೆಗೆ ಕುರ್ಚಿಯ ಎತ್ತರ. ಕುಳಿತಾಗ ಮೊಣಕೈ ಎಲ್ಲಿ ಬರುತ್ತದೋ ಅದೇ ಮುಂದಿನ ಮೇಜಿನ ಎತ್ತರ.

ಆಳ ಹೆಚ್ಚಾದರೆ ಮಗು ಮುಂದಕ್ಕೆ ಜಾರಿ ಬೆನ್ನು ಗೂನಾಗುತ್ತದೆ. ಎತ್ತರ ಹೆಚ್ಚಾದರೆ ಪಾದ ಜೋತುಬಿದ್ದು ಕಾಲು ಕತ್ತರಿಯಂತೆ ಬಿಗಿಯುತ್ತವೆ. ಬೆಲ್ಟ್ ಹೊಟ್ಟೆಯ ಮೇಲಲ್ಲ, ತೊಡೆ ಮತ್ತು ಸೊಂಟ ಕೂಡುವಲ್ಲಿ ಬರಬೇಕು. ಮಗು ಬೆಳೆಯುತ್ತದೆ, ಕುರ್ಚಿ ಬೆಳೆಯುವುದಿಲ್ಲ: ಬಡಿಗರಿಗೆ ಕುರ್ಚಿಯನ್ನು ಮೂರ್ನಾಲ್ಕು ಸೆಂ.ಮೀ. ಎತ್ತರವೇ ಮಾಡಲು ಹೇಳಿ, ಪಾದದ ಕೆಳಗೆ ತೆಗೆಯಲು ಬರುವ ಹಲಗೆ ಇಡಿ, ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಬಡಿಗರ ಬಳಿ ಹೋಗುವ ಮುಂಚೆ ಅಳತೆಯನ್ನು ಫಿಸಿಯೋಗೆ ತೋರಿಸಿ. ಕತ್ತು ನಿಲ್ಲದ ಮಗುವಿಗೆ ತಲೆಗೂ ಆಸರೆ ಬೇಕು. ಬೂಟು ತೆಗೆದ ಮೇಲೆ ಕೆಂಪು ಗುರುತು ಅರ್ಧ ತಾಸಾದರೂ ಹೋಗದಿದ್ದರೆ ಬೂಟು ಒತ್ತುತ್ತಿದೆ, ಸರಿಮಾಡಿಸುವವರೆಗೆ ಹಾಕಬೇಡಿ.

ಊಟ

ಅಂಗನವಾಡಿಯಲ್ಲಿ ಪ್ರೀತಿಯಿಂದಲೇ ಆಗಿಬಿಡುವ ಅಪಾಯ ಇದು. ನುಂಗಲು ಕಷ್ಟಪಡುವ ಮಗುವಿಗೆ ತೆಳು ಹಾಲು ಗಂಟಲಿಗೆ ಬೇಗ ಇಳಿದು ಶ್ವಾಸನಾಳಕ್ಕೆ ಹೋಗುತ್ತದೆ. ಕುಡಿಯುವಾಗ ಕೆಮ್ಮು, ಕಣ್ಣಲ್ಲಿ ನೀರು, ಕುಡಿದ ಮೇಲೆ ಗೊರಗೊರ ದನಿ, ಮ್ಯಾಲಿಂದ ಮ್ಯಾಲೆ ಕಫ ಮತ್ತು ಜ್ವರ ಬಂದರೆ ಅನುಮಾನಪಟ್ಟು ಥೆರಪಿಸ್ಟರಿಗೆ ಹೇಳಿ. ಅವರು ಗಟ್ಟಿ ಮಾಡಿ ಕೊಡಲು ಹೇಳಿದ್ದರೆ ಹಾಲನ್ನು ರಾಗಿ ಹಿಟ್ಟಿನಲ್ಲಿ ಕುದಿಸಿ ಅಂಬಲಿಯಂತೆ ಮಾಡಬಹುದು. ಚಮಚ ಓರೆ ಮಾಡಿದರೆ ನೀರಿನಂತೆ ಸುರಿಯದೆ ಮುದ್ದೆಯಾಗಿ ಜಾರಬೇಕು. ಅನ್ನ ಸಾಂಬಾರನ್ನು ಪೂರ್ತಿ ಕಿವುಚಿ. ಅಗುಳು ಬೇರೆ, ತಿಳಿ ಬೇರೆ ಇರುವ ತುತ್ತೇ ಎಲ್ಲಕ್ಕಿಂತ ಕಷ್ಟ. ಮಂಡಾಳು (ಮಂಡಕ್ಕಿ), ಶೇಂಗಾ ಬೇಡವೇ ಬೇಡ.

ಅರ್ಧ ಚಮಚ ಮಾತ್ರ, ಎದುರಿಗೆ ಕುಳಿತು, ಮಗುವಿನ ಗದ್ದ ತುಸು ಕೆಳಗಿರುವಾಗ. ನಿಂತು ಉಣಿಸಿದರೆ ಮಗು ತಲೆ ಮೇಲೆತ್ತುತ್ತದೆ, ಶ್ವಾಸನಾಳ ತೆರೆದುಕೊಳ್ಳುತ್ತದೆ. ಒಂದು ತುತ್ತು ನುಂಗಿದ್ದು ಕಂಡ ಮೇಲೆಯೇ ಇನ್ನೊಂದು. ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು. ಇಂಥ ಮಕ್ಕಳು ನೀರು ಕಡಿಮೆ ಕುಡಿಯುತ್ತಾರೆ. ನಮ್ಮ ಬಿಸಿಲಿಗೆ ಅದು ಬೇಗ ಮಲಬದ್ಧತೆಗೆ ತಿರುಗುತ್ತದೆ, ತಾಸಿಗೊಮ್ಮೆ ನೆನಪಿಟ್ಟು, ಥೆರಪಿಸ್ಟರು ಹೇಳಿದ ಹದದಲ್ಲೇ ಕೊಡಿ.

ಕಿವಿ, ಕಣ್ಣು, ಫಿಟ್ಸ್

ಶ್ರವಣ ಯಂತ್ರ ಕಳೆದೀತೆಂದು ಮನೆಯಲ್ಲೇ ತೆಗೆದಿಡುವವರು ಬಹಳ. ಕ್ಲಿಪ್ ಇರುವ ದಾರದಿಂದ ಅಂಗಿಗೆ ಕಟ್ಟಿ ಕಳಿಸಿ. ದಿನಾ ಮುಂಜಾನೆ ಬಾಯಿಗೆ ಹಾಳೆ ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಎಂಬ ಆರು ಸದ್ದು ಮಾಡಿ. ದಿನಾ ತಿರುಗಿ ನೋಡುವ ಮಗು ಇಂದು ನೋಡದಿದ್ದರೆ ಮೊದಲು ಬ್ಯಾಟರಿ ಬದಲಿಸಿ. ಬಹುತೇಕ ಯಂತ್ರಗಳ ಬ್ಯಾಟರಿ ಸ್ಟಿಕರ್ ಕಿತ್ತ ಕ್ಷಣದಿಂದ, ಬಳಸದಿದ್ದರೂ, ಖಾಲಿಯಾಗತೊಡಗುತ್ತದೆ. ಮಗು ಅದನ್ನು ನುಂಗಿದರೆ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆ. ಕಣ್ಣು ಮಂದವಿರುವ ಮಗು ಕಿಟಕಿಗೆ ಬೆನ್ನು ಮಾಡಿ ಕೂರಲಿ. ಕಿವಿ ಮಂದವಿದ್ದರೆ ಟೀಚರ್ ಮುಖಕ್ಕೆ ಬೆಳಕು ಬೀಳುವಂತೆ, ಫ್ಯಾನ್ ಸದ್ದಿನಿಂದ ದೂರ.

ಫಿಟ್ಸ್ ಬಂದರೆ ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡಿ. ಬಾಯಿಗೆ ಏನೂ ಹಾಕಬಾರದು, ನೀರೂ ಬೇಡ. ಕೈಗೆ ಕೀಲಿ, ಮೂಗಿಗೆ ಉಳ್ಳಾಗಡ್ಡಿ, ಚಪ್ಪಲಿ: ಇವುಗಳಲ್ಲಿ ಹೊತ್ತು ಹೋಗುತ್ತದೆ ಅಷ್ಟೇ. 5 ನಿಮಿಷ ದಾಟಿದರೆ 108. ಇದನ್ನು ಟೀಚರ್‌ಗೆ ಬಾಯಲ್ಲಿ ಹೇಳಿದ್ದು ಸಾಲದು, ಹಾಳೆಯಲ್ಲೂ ಇರಲಿ.

ಮೊದಲ ಮೂರು ವಾರ

ಏಪ್ರಿಲ್, ಮೇ ಬಿಸಿಲಲ್ಲಿ ಶುರು ಮಾಡಬೇಡಿ. ಲಸಿಕೆ ಹಾಕುವ ದಿನವೂ, ರೇಷನ್ ಹಂಚುವ ದಿನವೂ ಬೇಡ. ಅಳು, ಗದ್ದಲದ ಜಾಗವೆಂದು ಮಗು ಒಮ್ಮೆ ತಿಳಿದರೆ ಅದನ್ನು ಅಳಿಸಲು ತಿಂಗಳು ಬೇಕು. ಮೊದಲ ವಾರ ದಿನಾ ಅರ್ಧ ತಾಸು, ಅವ್ವ ಒಳಗೇ. ಎರಡನೇ ವಾರ ಒಂದು ತಾಸು, ಅವ್ವ ಹೊರಗೆ ಕಟ್ಟೆಯ ಮೇಲೆ. ಮೂರನೇ ವಾರ ಊಟದವರೆಗೆ. ಅತ್ತರೆ ಹೊತ್ತು ಕಡಿಮೆ ಮಾಡಿ, ದಿನ ತಪ್ಪಿಸಬೇಡಿ. ಕದ್ದು ಎದ್ದು ಬರಬೇಡಿ, ಹೇಳಿಯೇ ಬನ್ನಿ. ಆಟಿಸಂ ಇರುವ ಮಗುವಿಗೆ ಬಾಗಿಲು, ಚಾಪೆ, ಊಟದ ತಟ್ಟೆ, ಅವ್ವ ಕರೆಯಲು ಬಂದದ್ದು, ಈ ನಾಲ್ಕು ಫೋಟೋ ಸಾಲಾಗಿ ಅಂಟಿಸಿ ದಿನಾ ತೋರಿಸಿದರೆ ಮುಂದೇನೆಂದು ತಿಳಿದು ಅರ್ಧ ಅಳು ಇಳಿಯುತ್ತದೆ.

‘ನಮ್ಮ ಕೈಲಾಗಲ್ಲ’ ಎಂದರೆ ಜಗಳಕ್ಕಿಳಿಯುವ ಮೊದಲು ಏನು ಆಗುವುದಿಲ್ಲ ಎಂದು ಕೇಳಿ. ಬಹಳ ಸಲ ಅದು ಶೌಚ. ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿ, ಬಕೆಟ್, ಎರಡು ಜೊತೆ ಬಟ್ಟೆ ಕೊಟ್ಟು, ಬಂದ ಕೂಡಲೇ ಒಮ್ಮೆ, ಊಟದ ಬೆನ್ನಿಗೇ ಒಮ್ಮೆ ಕೂರಿಸುವ ರೂಢಿ ಮಾಡಿದರೆ ಮಾತು ಬದಲಾಗುತ್ತದೆ. ಬದಲಾಗದಿದ್ದರೆ ಮೇಲ್ವಿಚಾರಕಿ, ಆಮೇಲೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ. ಅಂಗವೈಕಲ್ಯವಿರುವ ಮಕ್ಕಳಿಗಾಗಿಯೇ ಕೇಂದ್ರ ಸರ್ಕಾರ 2023ರಲ್ಲಿ ಅಂಗನವಾಡಿ ಮಾರ್ಗಸೂಚಿ ಹೊರಡಿಸಿದೆ, ಪತ್ರದಲ್ಲಿ ಅದನ್ನೂ ನಮೂದಿಸಿ.

ಗುಳೆ ಹೋಗುವ ಮನೆಯಾದರೆ ಹೊರಡುವ ಮುಂಚೆ ಟೀಚರ್‌ಗೆ ಹೇಳಿ. ಟೀಚರ್ ಬಳಸುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಹೆಸರನ್ನು ಹೋದ ಊರಿನ ಅಂಗನವಾಡಿಗೆ ವರ್ಗಾಯಿಸಲು ಬರುತ್ತದೆ. ಔಷಧಿ ಒಂದು ತಿಂಗಳಿಗೆ ಸಾಕಾಗುವಷ್ಟು, ಹಾಳೆಯ ಪ್ರತಿ, ಕುರ್ಚಿಯ ಬೆಲ್ಟ್, ಇವು ಗಂಟಿನಲ್ಲಿರಲಿ. ಮಗುವಿಗೆ ಐದು ತುಂಬಿದ ಮೇಲೆ ತಾಲ್ಲೂಕಿನ ಬಿಆರ್‌ಸಿಗೆ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಹೋಗಿ ಅಂಗವೈಕಲ್ಯವಿರುವ ಮಕ್ಕಳಿಗಾಗಿ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಕಾಣಿ, ಒಂದನೇ ತರಗತಿಗೆ ಮಗುವನ್ನು ಅಣಿ ಮಾಡುವುದು ಅವರ ಕೆಲಸ. ಹಳೆಯ ಹಾಳೆ ಒಯ್ಯಬೇಡಿ. ಎರಡು ವರ್ಷದಲ್ಲಿ ಮಗು ನೀರು ಕೇಳುವ ರೀತಿಯೇ ಬದಲಾಗಿರುತ್ತದೆ, ಅದನ್ನು ಅಂಗನವಾಡಿ ಟೀಚರ್ ಜೊತೆ ಕುಳಿತು ಹೊಸದಾಗಿ ಬರೆಯಿರಿ.