ಸೊಲಾನಾ ಪ್ರೋಗ್ರಾಂನಲ್ಲಿ ಒಂದು ಎಣಿಕೆ ಉಳಿಸಿಕೊಂಡಿದ್ದು: ನನ್ನ ಅನುಭವ

ಸೊಲಾನಾ ಎಂಬ ಬ್ಲಾಕ್‌ಚೈನ್‌ನಲ್ಲಿ ಓಡುವ ನನ್ನ ಪ್ರೋಗ್ರಾಂ, ಪ್ರತಿ ಬಳಕೆದಾರರು ಎಷ್ಟು ಸಲ ಬಂದರು ಅಂತ ಎಣಿಸಬೇಕಿತ್ತು, ಅಷ್ಟೇ. ರಸ್ಟ್ ಭಾಷೆಯಲ್ಲಿ ಬರೆಯಲು ಕೂತಾಗ ಗ್ಲೋಬಲ್ ವೇರಿಯಬಲ್ ಇಟ್ಟರೆ ಸಾಕು ಅಂದುಕೊಂಡೆ. ಆದರೆ ಸೊಲಾನಾದಲ್ಲಿ ಪ್ರೋಗ್ರಾಂ ಒಳಗೆ ಏನೂ ಉಳಿಯುವುದಿಲ್ಲ. ಕೋಡ್ ಒಂದು ಅಕೌಂಟ್‌ನಲ್ಲಿ, ಡೇಟಾ ಬೇರೆ ಅಕೌಂಟ್‌ಗಳಲ್ಲಿ.

ಹಾಗಾಗಿ ಪ್ರತಿಯೊಬ್ಬರಿಗೂ ಒಂದು ಪಿಡಿಎ ಮಾಡಿದೆ, ಅಂದರೆ ಪ್ರೋಗ್ರಾಂನ ಐಡಿ ಮತ್ತು ನಾವು ಕೊಡುವ ಸೀಡ್‌ಗಳಿಂದ ಲೆಕ್ಕ ಹಾಕಿದ ವಿಳಾಸದಲ್ಲಿರುವ ಅಕೌಂಟ್. ‘ಕೌಂಟರ್’ ಎಂಬ ಪದ, ಜೊತೆಗೆ ಅವರ ಪಬ್ಲಿಕ್ ಕೀ, ಇವೆರಡೇ ಸೀಡ್. ಅದೇ ಸೀಡ್ ಕೊಟ್ಟರೆ ಯಾವಾಗಲೂ ಅದೇ ವಿಳಾಸ ಸಿಗುತ್ತದೆ. ವಿಳಾಸಗಳ ಪಟ್ಟಿ ಇಡುವ ಕೆಲಸವೇ ಇಲ್ಲ.

ಓಡಿಸಿದೆ. ಟ್ರಾನ್ಸಾಕ್ಷನ್ ಪಾಸ್ ಆಯಿತು. ಎಣಿಕೆ ಮಾತ್ರ 0! ಅರ್ಧ ದಿನ ಹುಡುಕಿದೆ. ಡೇಟಾವನ್ನು ಬೈಟ್‌ಗಳಾಗಿ ಬರೆದು ಓದುವ ಬೋರ್ಷ್ ಬಳಸಿ ಬೈಟ್‌ಗಳಿಂದ ಸ್ಟ್ರಕ್ಟ್ (ಫೀಲ್ಡ್‌ಗಳ ಗುಂಪು) ಮಾಡಿಕೊಂಡಾಗ ನಮಗೆ ಸಿಗುವುದು ಒಂದು ಕಾಪಿ ಮಾತ್ರ. ಅದನ್ನು ಬದಲಿಸಿದರೆ ಅಕೌಂಟ್‌ಗೆ ಗೊತ್ತೇ ಆಗುವುದಿಲ್ಲ. ಕೊನೆಯಲ್ಲಿ ಸೀರಿಯಲೈಸ್ ಮಾಡಿ, ಅಂದರೆ ಮತ್ತೆ ಬೈಟ್‌ಗಳಾಗಿಸಿ, ವಾಪಸ್ ಬರೆಯಬೇಕು. ನಾನು ಆ ಒಂದು ಸಾಲು ಬಿಟ್ಟಿದ್ದೆ.

ಅಕೌಂಟ್ ನಮ್ಮ ಪ್ರೋಗ್ರಾಂನದೇ ಅಂತ ನೋಡುವ ಓನರ್ ಚೆಕ್ ಕೂಡ ಬಿಡಬೇಡಿ. ನಮ್ಮದಲ್ಲದ ಅಕೌಂಟ್‌ನ ಡೇಟಾ ಬದಲಿಸಲು ಹೋದರೆ ಪ್ರೋಗ್ರಾಂ ಓಡಿಸುವ ಸೊಲಾನಾದ ರನ್‌ಟೈಮ್ ತಡೆಯುತ್ತದೆ, ಓದುವುದನ್ನು ತಡೆಯುವುದಿಲ್ಲ. ಯಾರಾದರೂ ನಕಲಿ ಅಕೌಂಟ್ ಕಳಿಸಿದರೆ ಅದನ್ನೇ ನಂಬಿ ಮುಂದುವರಿಯುತ್ತೇವೆ, ಅಲ್ವಾ?

ನಿಜವಾಗಿ ಕಷ್ಟವಾಗಿದ್ದು ಆಮೇಲೆ. ನನ್ನ ಸ್ಟ್ರಕ್ಟ್ 41 ಬೈಟ್: ಪಬ್ಲಿಕ್ ಕೀಗೆ 32, ಎಣಿಕೆಗೆ 8, ಬಂಪ್‌ಗೆ (ಪಿಡಿಎ ವಿಳಾಸ ಲೆಕ್ಕ ಹಾಕುವಾಗ ಸೀಡ್‌ಗಳ ಜೊತೆ ಸೇರುವ ಸಂಖ್ಯೆ) 1. ಕೊನೆಯ ಭೇಟಿಯ ಸಮಯವೂ ಇರಲಿ ಅಂತ 8 ಬೈಟ್‌ನ ಒಂದು ಫೀಲ್ಡ್ ಸೇರಿಸಿ ಪ್ರೋಗ್ರಾಂ ಅಪ್‌ಗ್ರೇಡ್ ಮಾಡಿದೆ. ಹೊಸಬರಿಗೆ ತೊಂದರೆ ಇರಲಿಲ್ಲ. ಹಳಬರದ್ದು ಒಂದೂ ಓದಲು ಬರಲಿಲ್ಲ. ಕೋಡ್ ಬದಲಾಗಿತ್ತು, ಅವರ ಅಕೌಂಟ್‌ಗಳು 41 ಬೈಟ್‌ನಲ್ಲೇ ಇದ್ದವು. ನನ್ನ ಟೆಸ್ಟ್‌ಗಳೆಲ್ಲ ಹೊಸ ಅಕೌಂಟ್ ಮಾಡಿಯೇ ಶುರುವಾಗುತ್ತಿದ್ದವು, ಅದಕ್ಕೇ ಈ ತಪ್ಪು ಸಿಕ್ಕಿಬಿದ್ದಿರಲಿಲ್ಲ.

ಹಳೆಯ ಸ್ಟ್ರಕ್ಟನ್ನು ಬೇರೆ ಹೆಸರಲ್ಲಿ ವಾಪಸ್ ತಂದೆ. ಡೇಟಾ 41 ಬೈಟ್ ಇದ್ದರೆ ಹಳೆಯದರಲ್ಲಿ ಓದು, ಅಕೌಂಟನ್ನು 49ಕ್ಕೆ ಹಿಗ್ಗಿಸು, ಹೊಸದಾಗಿ ಬರೆ. ಅಕೌಂಟ್ ದೊಡ್ಡದಾದರೆ ರೆಂಟ್‌ಗಾಗಿ, ಅಂದರೆ ಅಕೌಂಟ್ ಚೈನ್‌ನಲ್ಲಿ ಉಳಿಯಲು, ಅದರಲ್ಲಿ ಇಡಬೇಕಾದ ಹಣವೂ ಜಾಸ್ತಿ. ಆಗ ಬೈಟ್‌ಗೆ 6,960 ಲ್ಯಾಂಪೋರ್ಟ್ (ಸೊಲಾನಾ ಹಣದ ಅತಿ ಚಿಕ್ಕ ಘಟಕ) ಇತ್ತು, 8 ಬೈಟ್‌ಗೆ 55,680. ಅದನ್ನು ಬಳಕೆದಾರರ ಮುಂದಿನ ಭೇಟಿಯಲ್ಲಿ ಅವರಿಂದಲೇ ವರ್ಗಾಯಿಸಿಕೊಂಡೆ. ಅವರಿಗೆ ಮೊದಲೇ ತಿಳಿಸಿದ್ದೆ.

ಈಗ ಹೊಸ ಪ್ರೋಗ್ರಾಂ ಬರೆಯುವಾಗ ಸ್ಟ್ರಕ್ಟ್‌ನ ಮೊದಲ ಬೈಟ್ ವರ್ಷನ್‌ಗೆ ಮೀಸಲು. ಟೆಸ್ಟ್ ಫೋಲ್ಡರ್‌ನಲ್ಲಿ ಹಳೆಯ ಅಕೌಂಟ್‌ಗಳ ಬೈಟ್‌ಗಳನ್ನು ಹಾಗೇ ಇಟ್ಟುಕೊಂಡಿದ್ದೇನೆ. ಪ್ರತಿ ಅಪ್‌ಗ್ರೇಡ್‌ಗೆ ಮೊದಲು ಅವನ್ನು ಓದಿಸಿ ನೋಡುತ್ತೇನೆ.